ಬ್ರಹ್ಮಗಿರಿಯ ತಪ್ಪಲಲ್ಲಿ ಕ್ಯಾಪ್ಟನ್ ಹುಡುಕಿದ್ದು

ಶನಿವಾರ ಬೆಳಿಗ್ಗೆ ಆರೂವರೆಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನಾವು ಆರು ಜನ ಹೆಂಗಸರು ಸೇರಿದೆವು. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಬಿ.ಪಿ. ಮಾತ್ರೆ, ಆಧಾರ್ ಕಾರ್ಡು, ಎರಡು ಕರ್ಚೀಫು ಮತ್ತು ಐವತ್ತೇಳು ವರ್ಷ ಹಳೆಯ ಒಂದು ಬ್ಯಾಡ್ಜು ಇದ್ದವು. ನೀಲಿ ಬಣ್ಣದ್ದು, ಹಿಂದೆ ಗಟ್ಟಿ ಪಿನ್ನು, ಮೇಲೆ ಇಂಗ್ಲಿಷಿನಲ್ಲಿ ‘ಕ್ಯಾಪ್ಟನ್’ ಎಂದು ಬರೆದದ್ದು. ಬಳ್ಳಾರಿಯ ಕಾನ್ವೆಂಟಿನಲ್ಲಿ ನಾನು ಬ್ಲೂ ಹೌಸಿನ ಕ್ಯಾಪ್ಟನ್ ಆಗಿದ್ದಾಗ ಮದರ್ ಸುಪೀರಿಯರ್ ಸ್ವತಃ ಚುಚ್ಚಿದ್ದು. ಮದುವೆಯಾಗಿ ಚಳ್ಳಕೆರೆಗೆ ಬಂದ ವರ್ಷ ಅದನ್ನು ನಮ್ಮತ್ತೆಗೆ ತೋರಿಸಿದ್ದೆ. ಅವರು ಕೈಯಲ್ಲಿ ತೂಗಿ ನೋಡಿ, “ಬೆಳ್ಳಿದಾ?” ಎಂದರು. ಅಲ್ಲ ಎಂದಾಗ ವಾಪಸ್ ಕೊಟ್ಟರು. ಅಂದಿನಿಂದ ಅದು ಬೀರುವಿನಲ್ಲೇ ಇತ್ತು.

ಈಗ ತೆಗೆದುಕೊಂಡು ಹೊರಟಿದ್ದಕ್ಕೆ ಕಾರಣವಿತ್ತು. ನಮ್ಮ ಚಳ್ಳಕೆರೆಯ ಮಹಿಳಾ ಸಂಘ ಮತ್ತು ಮೊಳಕಾಲ್ಮೂರಿನ ನೇಕಾರ ಹೆಂಗಸರ ಸಂಘ ಸೇರಿ ಹಾನಗಲ್ ಕ್ರಾಸಿನಲ್ಲಿ ಒಂದು ಅಂಗಡಿ ಹಾಕುವುದೆಂದು ತೀರ್ಮಾನವಾಗಿತ್ತು. ನಮ್ಮ ಕಡೆಯಿಂದ ಕಂಬಳಿ, ಮಂಡಕ್ಕಿ, ಶೇಂಗಾ ಚಿಕ್ಕಿ. ಅವರ ಕಡೆಯಿಂದ ರೇಷ್ಮೆ ಸೀರೆ. ಅಂಗಡಿಗೆ ನೆರವು ಕೊಡುವವರು ಒಂದು ಕಂಡಿಷನ್ ಹಾಕಿದ್ದರು. ಎರಡೂರಿನವರೂ ಒಟ್ಟಿಗೆ ಎರಡು ದಿನ ಬಯಲಿನಲ್ಲಿ ಟೀಮ್ ಬಿಲ್ಡಿಂಗ್ ಕ್ಯಾಂಪ್ ಮಾಡಬೇಕು, ಕೊನೆಗೆ ಎಲ್ಲರೂ ಸೇರಿ ಒಬ್ಬಳನ್ನು ಕ್ಯಾಪ್ಟನ್ ಅಂತ ಆರಿಸಬೇಕು, ಅವಳೇ ಅಂಗಡಿಯ ಅಧ್ಯಕ್ಷೆ. ಪ್ರೈಮರಿ ಟೀಚರಾಗಿದ್ದ ನಾನು ನಮ್ಮ ಸಂಘಕ್ಕೆ ಹತ್ತೊಂಬತ್ತು ವರ್ಷದಿಂದ ಅಧ್ಯಕ್ಷೆ. ಎಪ್ಪತ್ತೆರಡು ತುಂಬಿದೆ. ಸುಳ್ಳು ಯಾಕೆ ಹೇಳಲಿ, ಆ ಕುರ್ಚಿ ನನಗೇ ಬೇಕಿತ್ತು. ಮೊಮ್ಮಕ್ಕಳ ಫೋಟೋ ನೋಡಿಕೊಂಡು ಕೂರುವ ವಯಸ್ಸು ಅಂತ ಎಲ್ಲರೂ ಹೇಳುವ ಹೊತ್ತಿನಲ್ಲಿ ಇನ್ನೊಂದು ಸಲ ಕ್ಯಾಪ್ಟನ್ ಆಗುವ ಚಾನ್ಸ್ ಯಾರು ಬಿಡುತ್ತಾರೆ?

ಪ್ರವಾಸದ ಬರವಣಿಗೆಯಲ್ಲಿ ಟಿಕೆಟ್ ದರ ಬರೆಯುವುದು ವಾಡಿಕೆ. ನಮ್ಮದು ಸೊನ್ನೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆಲ್ಲ ಈಗ ಸೊನ್ನೆ ಟಿಕೆಟ್. ಕಂಡಕ್ಟರ್ ಆರು ಟಿಕೆಟ್ ಹರಿದುಕೊಟ್ಟು, “ಯಾವ ಮದುವೆ ಅಮ್ಮಾ?” ಎಂದ.

“ಮದುವೆ ಅಲ್ಲ ಕಣಪ್ಪ, ಆಟ ಆಡಾಕೆ ಹೊಂಟೀವಿ,” ಎಂದಳು ನಮ್ಮ ಸೆಕ್ರೆಟರಿ ಗಿರಿಜಮ್ಮ. ಇವಳದು ಮಂಡಕ್ಕಿ ಭಟ್ಟಿ. ಭಟ್ಟಿಯ ಸದ್ದಿನಲ್ಲಿ ಮೂವತ್ತು ವರ್ಷ ಕೂಗಿ ಕೂಗಿ ಅವಳ ಸಣ್ಣ ದನಿಯೂ ಕೊನೆಯ ಸೀಟಿನವರೆಗೆ ಹೋಗುತ್ತದೆ. ಇಡೀ ಬಸ್ಸು ನಮ್ಮ ಕಡೆ ತಿರುಗಿತು.

ಎಣ್ಣೆ ಮಿಲ್ಲುಗಳ ಶೇಂಗಾ ವಾಸನೆ ದಾಟಿ ಬಸ್ಸು ಬಳ್ಳಾರಿ ರೋಡಿಗೆ ಬಿದ್ದಿತು. ಗಾಳಿ ತಣ್ಣಗಿತ್ತು. ಎರಡೂ ಕಡೆ ಕೆಂಪು ನೆಲ, ಕಿತ್ತು ಮುಗಿದ ಶೇಂಗಾ ಹೊಲ, ದೂರದಲ್ಲಿ ನಿಧಾನವಾಗಿ ತಿರುಗುವ ಗಾಳಿಯಂತ್ರಗಳು. ಬಳ್ಳಾರಿಗೆ ಹೋಗುವ ಈ ದಾರಿಯಲ್ಲೇ ನಾನು ಒಮ್ಮೆ ಹೊಸ ಸೊಸೆಯಾಗಿ ಎದುರು ದಿಕ್ಕಿನಿಂದ ಬಂದದ್ದು. ಆಗ ಗಾಳಿ ಇತ್ತು, ಯಂತ್ರ ಇರಲಿಲ್ಲ. ಒಂದೂವರೆ ಗಂಟೆಯಲ್ಲಿ ಮೊಳಕಾಲ್ಮೂರು ತಲುಪಿದೆವು. ಬಸ್ ಸ್ಟ್ಯಾಂಡಿನ ಎದುರು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಗಿರಿಜಮ್ಮ ಒಂದು ಮಂಡಕ್ಕಿ ಕಾಳನ್ನು ಬೆರಳಲ್ಲಿ ಒತ್ತಿ ನೋಡಿ, “ನಮ್ದಲ್ಲ. ಮೆತ್ತಗೈತೆ,” ಎಂದು ಹೋಟೆಲಿನವನಿಗೆ ಕೇಳುವಂತೆ ಹೇಳಿದಳು.

ಮೊಳಕಾಲ್ಮೂರಿನ ಆರು ಜನ ಟೆಂಪೋ ಮಾಡಿಕೊಂಡು ಬಂದರು. ಅವರಲ್ಲಿ ಹಿರಿಯಳು ಓಬಳಮ್ಮ. ಅರವತ್ತರ ಸಣಕಲು ಹೆಂಗಸು, ಮೂಗುಬೊಟ್ಟು, ಬಿಗಿದ ತುಟಿ. ಅವಳ ಸೊಸೆ ಗೀತಾ ಟೆಂಪೋದ ಆ ತುದಿಯಲ್ಲಿ ಕೂತಿದ್ದಳು. ಹೊರಟು ಹತ್ತು ನಿಮಿಷವಾಗಿರಲಿಲ್ಲ, ಓಬಳಮ್ಮ ನನ್ನ ಕಡೆ ಬಗ್ಗಿ, “ಟೀಚರಮ್ಮಾ, ಆ ಕಡೆ ಕುಂತೋಳಿಗೆ ಒಸಿ ಹೇಳ್ರಿ, ಸೆರಗು ಹೊರಗೆ ಹಾರ್ತೈತೆ ಅಂತ,” ಎಂದಳು. ಮಧ್ಯೆ ಎರಡು ಮೊಳ ಜಾಗ. ನಾನು ಹೇಳಿದೆ. ಗೀತಾ ಸೆರಗು ಎಳೆದುಕೊಂಡು, “ನೋಡಿದೆ ಅಂತ ಹೇಳ್ರಿ,” ಎಂದಳು. ಅದನ್ನೂ ಹೇಳಿದೆ.

ಪಕ್ಕದವಳು ನನ್ನ ಕಿವಿಯಲ್ಲಿ ವಿಷಯ ತಿಳಿಸಿದಳು. ಅತ್ತೆ ಸೊಸೆ ಒಂದೇ ಮಗ್ಗದಲ್ಲಿ ನೇಯುತ್ತಾರೆ. ಎರಡು ತಿಂಗಳ ಹಿಂದೆ ಒಂದು ಸೀರೆಯ ಅಂಚು ಕೆಂಪಿರಬೇಕೋ ಗಿಳಿಹಸಿರಿರಬೇಕೋ ಎಂದು ಮಾತಿಗೆ ಮಾತು ಬೆಳೆದು, ಮಾತೇ ನಿಂತಿದೆ. “ಸೀರೆ?” ಎಂದೆ. “ಅದ್ಯಾಕೆ ನಿಲ್ತೈತೆ? ಮಾತಿಲ್ದೇ ಮೂರು ಸೀರೆ ಇಳಿಸ್ಯಾರೆ.”

ಸಿದ್ದಾಪುರ ದಾಟಿ ಬ್ರಹ್ಮಗಿರಿಯ ಬಂಡೆಗಳ ಕೆಳಗೆ ಟೆಂಪೋ ನಿಂತಿತು. ದಾವಣಗೆರೆಯಿಂದ ಬಂದಿದ್ದ ಕೋಚ್ ನವೀನ್ ಅಲ್ಲಿ ಸೀಟಿ ಕಟ್ಟಿಕೊಂಡು ಕಾಯುತ್ತಿದ್ದ. ಇಪ್ಪತ್ತಾರೋ ಏಳೋ ಇರಬಹುದು, ಒಳ್ಳೆಯ ಮೈಕಟ್ಟು, ಕೈಯಲ್ಲಿ ಕ್ಲಿಪ್ ಹಾಕಿದ ರಟ್ಟು. “ಲೀಡರ್‌ಶಿಪ್ ಅಂದ್ರೆ ಏನು ಮೇಡಂ?” ಎಂದು ನನ್ನನ್ನೇ ಮೊದಲು ಕೇಳಿದ. ನಾನು ಪಕ್ಕದ ಅಶೋಕನ ಶಾಸನದ ಕಡೆ ಕೈ ತೋರಿಸಿದೆ. ಮೇಲೆ ಚಾವಣಿ, ಸುತ್ತ ಕಂಬಿ ಹಾಕಿ ಬಂಡೆಯನ್ನು ಕಾಪಾಡಿದ್ದಾರೆ. ತಂದೆತಾಯಿಯ ಮಾತು ಕೇಳಿ, ಗುರುಗಳಿಗೆ ಗೌರವ ಕೊಡಿ ಎಂಬ ಅರ್ಥದ ಮಾತು ಅದರಲ್ಲಿದೆ. “ಆರ್ಡರ್ ಬರೆಸಿ ಕಳಿಸಿದ, ತಾನು ಇಷ್ಟು ದೂರ ಬರಲಿಲ್ಲ. ಅದೂ ಒಂದು ಲೀಡರ್‌ಶಿಪ್ಪೇ,” ಎಂದೆ. ನವೀನ್ ಅದನ್ನು ಬರೆದುಕೊಂಡ. ಹುಡುಗ ನನಗೆ ಹಿಡಿಸಿದ.

ಮೊದಲ ಆಟ ಹೆಸರಿನದು. ವೃತ್ತವಾಗಿ ನಿಂತು, ಚೆಂಡನ್ನು ಯಾರಿಗೆ ಎಸೆಯುತ್ತೇವೋ ಅವರ ಹೆಸರನ್ನು ಜೋರಾಗಿ ಕರೆಯಬೇಕು. ಮೂರು ಸುತ್ತು ಚೆನ್ನಾಗಿ ನಡೆಯಿತು. ಆಮೇಲೆ ಗೀತಾಳ ಸರದಿ, ಎದುರಿಗೆ ಉಳಿದವಳು ಓಬಳಮ್ಮ. ಗೀತಾ ಚೆಂಡು ಹಿಡಿದು ನಿಂತೇ ನಿಂತಳು.

“ಹೆಸರು ಹೇಳಿ ಎಸೀರಿ,” ಎಂದ ನವೀನ್.

“ಹೆಂಗೆ ಹೇಳ್ಲಿ ಸಾರ್? ಅತ್ತೆ ಆಗ್ಬೇಕು.”

“ಆಟ ಅಲ್ವಾ?”

“ಆಟ ಆದ್ರೆ ಅತ್ತೆ ಅಲ್ದೇ ಹೋಗ್ತಾರಾ?”

ಹೆಂಗಸರೆಲ್ಲ ಗೀತಾಳ ಪರ. ಜಗಳ ಬೇರೆ, ಮರ್ಯಾದೆ ಬೇರೆ. ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರುವುದುಂಟೇ? ಓಬಳಮ್ಮ ಆಕಾಶ ನೋಡುತ್ತಿದ್ದಳು. ಕೊನೆಗೆ ಗೀತಾ ಹೆಸರಿಲ್ಲದೆ ಚೆಂಡು ಎಸೆದಳು, ಓಬಳಮ್ಮ ನೋಡದೆಯೇ ಹಿಡಿದಳು. ನವೀನ್ ಇಬ್ಬರಿಗೂ ಸೊನ್ನೆ ಹಾಕಿದ. ಮುಂದಿನ ಸುತ್ತಿನಲ್ಲಿ ಯಾರೋ ಎಸೆದ ಚೆಂಡು ಎರಡು ಬಂಡೆಗಳ ಸಂದಿಗೆ ಬಿದ್ದು ಹೋಯಿತು. ಅದು ಇನ್ನೂ ಅಲ್ಲೇ ಇದೆ.

ಮುಂದಿನದು ಕಣ್ಣುಕಟ್ಟಿನ ಆಟ. ಸುಣ್ಣದ ಪುಡಿಯಲ್ಲಿ ಗುರುತು ಮಾಡಿದ ಅಂಕುಡೊಂಕು ದಾರಿ. ಜೋಡಿಯಲ್ಲಿ ಒಬ್ಬಳಿಗೆ ಕಣ್ಣು ಕಟ್ಟುವುದು, ಇನ್ನೊಬ್ಬಳು ಹಿಂದೆ ನಡೆಯುತ್ತಾ ದಾರಿ ಹೇಳುವುದು. ನಾನು ಗಿರಿಜಮ್ಮನ ಹಿಂದೆ ನಿಂತೆ. ಮೂವತ್ತನಾಲ್ಕು ವರ್ಷ ಪ್ರೈಮರಿ ಮಕ್ಕಳಿಗೆ ಡ್ರಿಲ್ ಹೇಳಿಸಿದವಳಿಗೆ ಇದೇನು ಮಹಾ ಎಂಬ ಧೈರ್ಯ.

ಇಲ್ಲಿ ಒಂದು ಸಂಗತಿ ವಿವರಿಸಬೇಕು. ಟೀಚರ್ ಮಕ್ಕಳಿಗೆ ಎದುರಾಗಿ ನಿಂತಿರುತ್ತಾಳೆ. ಮಕ್ಕಳು ಬಲಗೈ ಎತ್ತಬೇಕಾದರೆ ಅವಳು ತನ್ನ ಎಡಗೈ ಎತ್ತಿ “ಬಲಗೈ” ಎನ್ನಬೇಕು, ಇಲ್ಲದಿದ್ದರೆ ಮಕ್ಕಳು ನೋಡಿ ತಪ್ಪು ಕೈ ಎತ್ತುತ್ತವೆ. ಮೂವತ್ತನಾಲ್ಕು ವರ್ಷ ನಾನು ಎಡಕ್ಕೆ ಬಲ, ಬಲಕ್ಕೆ ಎಡ ಎಂದವಳು. ಅಭ್ಯಾಸ ನಾಲಿಗೆಯಲ್ಲಿ ಕೂತಿದೆ. ಗಿರಿಜಮ್ಮನ ಹಿಂದೆ ನಿಂತು, ಬಲಕ್ಕೆ ತಿರುಗಬೇಕಾದ ಜಾಗದಲ್ಲಿ ಬಲಗೈಯನ್ನೇ ಎತ್ತಿ, ಕ್ಲಾಸಿನ ದನಿಯಲ್ಲಿ “ಲೆಫ್ಟ್! ಲೆಫ್ಟ್ ಗಿರಿಜಾ! ಕಾನ್ಫಿಡೆಂಟಾಗಿ ಹೋಗು!” ಎಂದೆ. ಗಿರಿಜಮ್ಮ ಕಾನ್ಫಿಡೆಂಟಾಗಿಯೇ ಎಡಕ್ಕೆ ತಿರುಗಿ ಬಳ್ಳಾರಿ ಜಾಲಿಯ ಪೊದೆಯೊಳಗೆ ನಡೆದಳು.

“ಅಯ್ಯಯ್ಯೋ! ಮೇಡಂ! ಕೊಲ್ಲಾಕೆ ಕರ್ಕಂಡು ಬಂದ್ರಾ?”

“ಬ್ಯಾಕ್! ಬ್ಯಾಕ್!”

“ಎಲ್ಲಿಗೆ ಬ್ಯಾಕು? ಸೀರೆ ಹಿಡ್ಕಂಡೈತೆ!”

ಮೂವರು ಸೇರಿ ಅವಳನ್ನು ಬಿಡಿಸಿದೆವು. ಸೀರೆ ಭುಜದ ಹತ್ತಿರ ಗೇಣುದ್ದ ಹರಿದಿತ್ತು. ಎರಡು ದಿನಕ್ಕೆ ಇನ್ನೊಂದು ಸೀರೆ ಯಾಕೆ ಎಂದು ಅವಳು ಅದೊಂದರಲ್ಲೇ ಬಂದಿದ್ದಳು. ಸೇಫ್ಟಿ ಪಿನ್ನು ಹಾಕಿ ಸರಿಮಾಡಿದೆವು. ನವೀನ್ ನನ್ನ ಹೆಸರಿನ ಮುಂದೆ ಬರೆದ: ಕಾನ್ಫಿಡೆನ್ಸ್ ಹತ್ತಕ್ಕೆ ಹತ್ತು, ಡೈರೆಕ್ಷನ್ ಸೊನ್ನೆ.

ಕೊನೆಯ ಜೋಡಿ ಓಬಳಮ್ಮ ಮತ್ತು ಗೀತಾ. ಚೀಟಿ ಎತ್ತಿದಾಗ ಹಾಗೆ ಬಂದಿತ್ತು. ಗೀತಾಳ ಕಣ್ಣು ಕಟ್ಟಿದರು. ಓಬಳಮ್ಮ ನೆಲದಿಂದ ಒಂದು ಕಡ್ಡಿ ಎತ್ತಿಕೊಂಡು ಹಿಂದೆ ನಡೆದಳು. ಒಂದು ಮಾತಿಲ್ಲ. ಬಂಡೆಯ ಮೇಲೆ ಕಡ್ಡಿಯಿಂದ ಟಕ್ ಎಂದರೆ ಗೀತಾ ಈ ಕಡೆ, ಟಕ್ ಟಕ್ ಎಂದರೆ ಆ ಕಡೆ. ಸುಣ್ಣದ ಗೆರೆ ಮುಟ್ಟದೆ ಎಲ್ಲರಿಗಿಂತ ಬೇಗ ತುದಿ ಮುಟ್ಟಿದಳು. ನಾವೆಲ್ಲ ಚಪ್ಪಾಳೆ ಹೊಡೆದೆವು. ನವೀನ್ ಮಾತ್ರ ರಟ್ಟು ನೋಡಿ ತಲೆ ಕೆರೆದುಕೊಂಡ. ಇದು ಮಾತಿನ ಕಮ್ಯುನಿಕೇಶನ್ ಆಟ, ಮಾತೇ ಇಲ್ಲ, ಆದ್ದರಿಂದ ಮತ್ತೆ ಸೊನ್ನೆ.

“ಸರೇ, ಸೊನ್ನೆನಾದ್ರೂ ಇಬ್ರಿಗೂ ಸಮ ಕೊಟ್ಟೀರಲ್ಲಪ್ಪ,” ಎಂದಳು ಓಬಳಮ್ಮ.

ಸಂಜೆ ಮೊಳಕಾಲ್ಮೂರಿಗೆ ವಾಪಸ್. ಚಳ್ಳಕೆರೆಯವರನ್ನು ಮನೆಮನೆಗೆ ಹಂಚಿದರು. ನಾನು, ಗಿರಿಜಮ್ಮ ಓಬಳಮ್ಮನ ಮನೆಗೆ. ನಡುಮನೆಯ ತುಂಬ ಮಗ್ಗ. ಓಬಳಮ್ಮನ ಮಗ, ಸಾಧು ಮನುಷ್ಯ, ಅಡಿಗೆಮನೆಗೂ ನಡುಮನೆಗೂ ಓಡಾಡುತ್ತಿದ್ದ. ಒಳಗಿನಿಂದ ಗೀತಾ, “ಮುದ್ದೆ ಆಗೈತೆ ಅಂತ ನಿಮ್ಮವ್ವಗೆ ಹೇಳ್ರಿ.” ಹೊರಗಿನಿಂದ ಓಬಳಮ್ಮ, “ಇನ್ನೊಂದು ಗೇಣು ನೇಯ್ದು ಉಣ್ಣಾಣ ಅಂತ ನಿನ್ನ ಹೆಂಡ್ತಿಗೆ ಹೇಳು.” ಅವನು ನನ್ನ ಮುಖ ನೋಡಿ, “ಎರಡು ತಿಂಗಳಿಂದ ನನ್ನ ಕೆಲಸ ಇದೇ ಮೇಡಂ,” ಎಂದ.

ಆಮೇಲೆ ಇಬ್ಬರೂ ಮಗ್ಗಕ್ಕೆ ಕೂತರು. ಅತ್ತೆ ಗುಂಡಿಯೊಳಗೆ ಕಾಲಿಟ್ಟು, ಸೊಸೆ ಪಕ್ಕದ ಮಣೆಯ ಮೇಲೆ. ಒಂದು ಅಂಚಿನ ಲಾಳಿ ಇವಳ ಕೈಯಲ್ಲಿ, ಇನ್ನೊಂದು ಅಂಚಿನದು ಅವಳ ಕೈಯಲ್ಲಿ. ಎಳೆ ಸಡಿಲವಾದರೆ ಓಬಳಮ್ಮ ಬೆರಳಗಂಟಿನಿಂದ ಮರಕ್ಕೆ ಟಕ್ ಎನ್ನುವಳು, ಗೀತಾಳ ಕೈ ಬಿಗಿಯುವುದು. ಟಕ್ ಟಕ್ ಎಂದರೆ ಬಿಡುವುದು. ಕೆಲವು ಸಲ ಟಕ್ ಕೂಡ ಇಲ್ಲ. ಕಾನ್ವೆಂಟಿನ ಚಾಪೆಲಿನಲ್ಲಿ ಇಬ್ಬರು ಮುದಿ ಸಿಸ್ಟರುಗಳು ಒಂದೇ ಪಿಯಾನೋ ನುಡಿಸುತ್ತಿದ್ದುದು ನೆನಪಾಯಿತು. ಅವರೂ ಪರಸ್ಪರ ಮಾತಾಡುತ್ತಿರಲಿಲ್ಲ ಎಂದು ನಮಗೆ ಎಷ್ಟೋ ವರ್ಷದ ಮೇಲೆ ಗೊತ್ತಾಗಿತ್ತು. ಊಟಕ್ಕೆ ಮುದ್ದೆ, ಹುರುಳಿ ಸಾರು, ಶೇಂಗಾ ಚಟ್ನಿ. ನಾನು ಎರಡನೇ ಸಲ ಸಾರು ಕೇಳಿದೆ. ಅದನ್ನೂ ಮಗನೇ ದಾಟಿಸಿದ.

ಭಾನುವಾರ ಬೆಳಿಗ್ಗೆ ಮತ್ತೆ ಬ್ರಹ್ಮಗಿರಿ. ಬಿಸಿಲು ಬೇಗ ಏರಿತು. ಎದುರಿಗೆ ಜಟಿಂಗ ರಾಮೇಶ್ವರದ ಬೆಟ್ಟ ಬಿಳಿಚಿಕೊಂಡು ನಿಂತಿತ್ತು. ಕೊನೆಯ ಆಟಕ್ಕೆ ನವೀನ್ ಒಂದು ಕಬ್ಬಿಣದ ಬಳೆ ತಂದಿದ್ದ. ಅದಕ್ಕೆ ಸುತ್ತ ಹನ್ನೆರಡು ದಾರ. ಹನ್ನೆರಡು ಜನ ಒಂದೊಂದು ದಾರ ಹಿಡಿದು, ಬಳೆಯ ಮೇಲೆ ಚೆಂಡು ಕೂರಿಸಿ, ಬೀಳಿಸದೆ ನೂರು ಹೆಜ್ಜೆ ಒಯ್ಯಬೇಕು. ಮಾತಾಡಬಾರದು.

“ಚೆಂಡೆಲ್ಲೈತೆ?” ಎಂದಳು ಗಿರಿಜಮ್ಮ.

ಚೆಂಡು ಬಂಡೆಯ ಸಂದಿಯಲ್ಲಿತ್ತು. ಕೊನೆಗೆ ಗಿರಿಜಮ್ಮನೇ ತನ್ನ ಹಿತ್ತಾಳೆ ಚೊಂಬು ಕೊಟ್ಟಳು. ಬರಿದು ಚೊಂಬಾದರೆ ಏನು ಮಜಾ ಎಂದು ಕೊಡದಿಂದ ಮಜ್ಜಿಗೆ ತುಂಬಿದಳು. ಮಧ್ಯಾಹ್ನಕ್ಕೆ ಉಳಿದಿದ್ದ ಮಜ್ಜಿಗೆ ಅಷ್ಟೇ. ಬಿದ್ದರೆ ಯಾರಿಗೂ ಇಲ್ಲ.

ನಾನು ಸುಮ್ಮನೆ ಸ್ಟಾರ್ಟ್ ಕೊಡಲು ಕೈ ಎತ್ತಿದೆ ಅಷ್ಟೇ, ಎಲ್ಲರೂ ನನ್ನನ್ನು ನೋಡಿ ದಾರ ಎಳೆದರು. ಚೊಂಬು ವಾಲಿತು, ಅರ್ಧ ಲೋಟ ಮಜ್ಜಿಗೆ ಅಶೋಕನ ನೆಲಕ್ಕೆ ಚೆಲ್ಲಿತು. ಆಗ ಓಬಳಮ್ಮನ ದಾರ ಬಿಗಿದದ್ದು ಕಂಡೆ. ಎದುರಿಗಿದ್ದ ಗೀತಾಳ ದಾರ ಅಷ್ಟೇ ಬಿಗಿಯಿತು. ಚೊಂಬು ನೆಟ್ಟಗಾಯಿತು. ಓಬಳಮ್ಮ ದಾರದ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದಳು. ಆ ನಡುಕ ಬಳೆ ದಾಟಿ ನನ್ನ ಬೆರಳಿಗೂ ಬಂತು. ಮೊಳಕಾಲ್ಮೂರಿನ ಕೈಗಳಿಗೆ ತಕ್ಷಣ ಅರ್ಥವಾಯಿತು, ನಮ್ಮವರು ಅವರನ್ನು ನೋಡಿ ಸಡಿಲ ಬಿಟ್ಟರು. ಹನ್ನೆರಡು ಜನ ಉಸಿರು ಬಿಗಿಹಿಡಿದು ಬಂಡೆ ಹತ್ತಿ, ಕುರಿ ಹಿಕ್ಕೆ ದಾಟಿ, ನೂರು ಹೆಜ್ಜೆ ನಡೆದೆವು. ನಡುವೆ ಗಿರಿಜಮ್ಮನಿಗೆ ಸೀನು ಬಂತು. ಅವಳು ಅದನ್ನು ನುಂಗಿದ ರೀತಿ ನಾನು ಸಾಯುವವರೆಗೂ ಮರೆಯುವುದಿಲ್ಲ.

ಮಜ್ಜಿಗೆ ಹಂಚಿ ಕುಡಿದ ಮೇಲೆ ನವೀನ್ ನಮ್ಮನ್ನು ಬೇವಿನ ಮರದ ಕೆಳಗೆ ಕೂರಿಸಿದ. ಇನ್ನು ಕ್ಯಾಪ್ಟನ್ ಆಯ್ಕೆ. ಚೀಟಿ ಇಲ್ಲ. ಎದ್ದು ನಿಂತು, ನಿಮಗೆ ಬೇಕಾದವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಒಂದೇ ಹೆಸರು ಬಂದರೆ ಅವರೇ ಕ್ಯಾಪ್ಟನ್, ಎರಡು ಬಂದರೆ ಕೈ ಎತ್ತಿಸಿ ಎಣಿಸುವುದು. ಗಿರಿಜಮ್ಮ ಮೊದಲೇ ಎದ್ದಳು. “ನಮ್ಮ ಮೇಡಂ, ಇನ್ಯಾರು?” ಎಂದು ನನ್ನ ಪೂರ್ತಿ ಹೆಸರು ಹೇಳಿದಳು. ಜಾಲಿ ಮುಳ್ಳಿನ ಗೀರು ಇನ್ನೂ ಅವಳ ಕೈಮೇಲಿತ್ತು. ನನ್ನ ಕಣ್ಣು ಒದ್ದೆಯಾಯಿತು.

“ಬೇರೆ ಹೆಸರು?”

ಮೊಳಕಾಲ್ಮೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಮನಸ್ಸಿನಲ್ಲೂ ಓಬಳಮ್ಮನೇ. ಆದರೆ ಮನೆಯವಳೇ ಸುಮ್ಮನಿರುವಾಗ ಅವಳ ಹೆಸರೆತ್ತಿದರೆ ಅತ್ತೆ ಸೊಸೆ ಜಗಳದಲ್ಲಿ ಒಂದು ಕಡೆ ಸೇರಿದಂತೆ. ಓಬಳಮ್ಮ ಹುಲ್ಲುಕಡ್ಡಿ ಮುರಿಯುತ್ತಿದ್ದಳು. ಅಷ್ಟರಲ್ಲಿ ಗೀತಾ ಎದ್ದು ನಿಂತಳು.

“ನಾನು ಹೇಳ್ತೀನಿ ಸಾರ್. ಇವರು,” ಎಂದು ಗಲ್ಲದಿಂದ ತೋರಿಸಿದಳು.

“ಇವರು ಅಂದ್ರೆ? ಹೆಸರು ಹೇಳ್ರಿ.”

“ನಮ್ಮನೆಯವರ ತಾಯಿ.”

“ನಿಮ್ಮನೆಯವರ ಹೆಸರು?”

“ಅಯ್ಯೋ, ಅದನ್ನ ಹೆಂಗೆ ಹೇಳ್ಲಿ?” ಎಂದು ಗೀತಾ ಕೆನ್ನೆ ಮುಟ್ಟಿಕೊಂಡಳು. ಹೆಂಗಸರು ನಕ್ಕರು. “ನರಸಿಂಹಸ್ವಾಮಿ ದೊಡ್ಡ ಕ್ಷೇತ್ರ ಐತಲ್ಲ ಸಾರ್, ಆಂಧ್ರದಾಗೆ? ಆ ಊರಿಂದ ಬಂದಿರೋ ಹೆಸರು.”

“ಲಕ್ಷ್ಮಮ್ಮನಾ?” ಎಂದ ನವೀನ್, ಬೇಕೆಂದೇ.

“ಅಲ್ಲ.”

“ನರಸಮ್ಮ?”

“ಹತ್ರ ಬಂದ್ರಿ.”

ನವೀನ್‌ಗೆ ಅದು ಯಾರೆಂದು ಗೊತ್ತಿಲ್ಲವೆಂದಲ್ಲ; ಆ ಕ್ಷೇತ್ರದ ಹೆಸರೇ ಜನರ ಬಾಯಲ್ಲಿ ಸವೆದು ‘ಓಬಳ’ ಆಗಿದೆ. ರೂಲ್ ಪ್ರಕಾರ ಹೆಸರು ಬಾಯಿಂದ ಬರಬೇಕಿತ್ತು, ಹುಡುಗ ರೂಲ್ಸ್‌ನವನು. “ಒಂದು ನಿಮಿಷ ಕೊಡ್ತೀನಿ,” ಎಂದು ವಾಚು ನೋಡಿದ.

ಆ ಒಂದು ನಿಮಿಷದಲ್ಲಿ ನಾನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಬ್ಯಾಗಿನೊಳಗೆ ಕೈ ಹಾಕಿದೆ, ಬ್ಯಾಡ್ಜಿನ ಅಂಚು ಬೆರಳಿಗೆ ತಾಗಿತು. ಗೀತಾ ಬಿಸಿಲಲ್ಲಿ ನಿಂತೇ ಇದ್ದಳು. ತುಟಿ ಅಲ್ಲಾಡುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಎರಡು ತಿಂಗಳಿಂದ ಮಾತಾಡದ ಅತ್ತೆಗಾಗಿ ಹನ್ನೊಂದು ಜನರ ಮುಂದೆ ಹೀಗೆ ನಿಲ್ಲುವವಳನ್ನು ನಾನು ಬೇರೆಲ್ಲೂ ನೋಡಿಲ್ಲ. ಮದರ್ ಸುಪೀರಿಯರ್ ಇದ್ದಿದ್ದರೆ ನನ್ನ ಕಡೆ ಒಂದೇ ಸಲ ನೋಡುತ್ತಿದ್ದರು, ಸಾಕಾಗುತ್ತಿತ್ತು.

“ಓಬಳಮ್ಮ!” ಎಂದೆ. ಹಾಜರಿ ಕರೆಯುವ ದನಿ ತಾನಾಗಿಯೇ ಬಂತು.

“ಹಾಂ, ಇದೀನಿ,” ಎಂದು ಓಬಳಮ್ಮ ಅರ್ಧ ಎದ್ದೇಬಿಟ್ಟಳು.

ಎಲ್ಲರೂ ಘೊಳ್ಳೆಂದರು. ಗಿರಿಜಮ್ಮ ಹಣೆ ಚಚ್ಚಿಕೊಂಡಳು. ಎಣಿಸಿದಾಗ ಓಬಳಮ್ಮನಿಗೆ ಎಂಟು ಕೈ, ನನಗೆ ನಾಲ್ಕು. ಆ ಎಂಟರಲ್ಲಿ ಒಂದು ನನ್ನದು. ನನಗೆ ಬಂದ ನಾಲ್ಕರಲ್ಲಿ ಒಂದು ಓಬಳಮ್ಮನದು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಗೀತಾ ಇನ್ನೂ ನಿಂತಿದ್ದಳು. ಓಬಳಮ್ಮ ನನ್ನ ಕಡೆ ತಿರುಗಿ, ಅಭ್ಯಾಸದಂತೆ, “ಟೀಚರಮ್ಮಾ, ಅವಳಿಗೆ ಹೇಳ್ರಿ...” ಎಂದು ಶುರುಮಾಡಿ ನಿಲ್ಲಿಸಿದಳು. ಆಮೇಲೆ ನೇರವಾಗಿ ಸೊಸೆಗೇ ಹೇಳಿದಳು. “ಎಷ್ಟೊತ್ತು ನಿಂತ್ಕಂತೀಯೇ? ನೆಳ್ಳಿಗೆ ಬಾ. ಕುಂತ್ಕಾ.”

ಗೀತಾ ಬಂದು ಪಕ್ಕದಲ್ಲಿ ಕೂತಳು. “ಅಂಚು ಗಿಳಿಹಸಿರೇ,” ಎಂದಳು ಮೆಲ್ಲಗೆ.

“ಒಂದು ಕಡೆ,” ಎಂದಳು ಓಬಳಮ್ಮ.

ನಾಲ್ಕು ಗಂಟೆಗೆ ಚಳ್ಳಕೆರೆ ಬಸ್ಸು. ಹಾನಗಲ್ ಕ್ರಾಸಿನವರೆಗೆ ಗಿರಿಜಮ್ಮ ನನ್ನೊಂದಿಗೆ ಮಾತಾಡಲಿಲ್ಲ. ಅಲ್ಲಿ ಅಂಗಡಿ ಬರಬೇಕಾದ ಖಾಲಿ ಸೈಟು ಕಂಡಾಗ, “ಕೈಗೆ ಬಂದಿದ್ದನ್ನ ನಿಮ್ಮ ಬಾಯಿಂದ್ಲೇ ಕಳ್ಕಂಡ್ರಲ್ಲ ಮೇಡಂ. ಬೇಜಾರಾಗ್ಲಿಲ್ವಾ?” ಎಂದಳು.

“ಆಯ್ತು,” ಎಂದೆ. ಆಗಿತ್ತು.

ಅವಳು ಏನೋ ಹೇಳಲು ತಿರುಗಿದಳು, ಭುಜದ ಸೇಫ್ಟಿ ಪಿನ್ನು ಬಾಗಿ ಚುಚ್ಚಿ “ಹಾ!” ಎಂದಳು. ಹರಿದ ಸೀರೆ ಬಾಯಿಬಿಟ್ಟಿತು. ಆರು ಜನರ ಬ್ಯಾಗು ಹುಡುಕಿದರೂ ಇನ್ನೊಂದು ಪಿನ್ನಿಲ್ಲ. ನಾನು ಬ್ಯಾಡ್ಜು ತೆಗೆದೆ. ಐವತ್ತೇಳು ವರ್ಷದ ಪಿನ್ನು ಹೊಸದರಂತೆ ಬಿಗಿಯಾಗಿ ಕೂತಿತು.

ಟಿಕೆಟ್ ಕೊಡಲು ಬಂದ ಕಂಡಕ್ಟರ್ ಅವಳ ಭುಜ ನೋಡಿ ದನಿ ತಗ್ಗಿಸಿದ. “ಮೇಡಂ, ಚೆಕಿಂಗ್‌ನವರಾ?”

“ಹೂಂ ಕಣಪ್ಪ,” ಎಂದಳು ಗಿರಿಜಮ್ಮ, ಇಡೀ ಬಸ್ಸಿಗೆ. ಹೆಂಗಸರ ಸೀಟಿನಲ್ಲಿದ್ದ ಇಬ್ಬರು ಗಂಡಸರು ಎದ್ದು ನಿಂತರು. ಕಿಟಕಿಯಲ್ಲಿ ಮೊಳಕಾಲ್ಮೂರಿನ ಬೆಟ್ಟಗಳು ಸಣ್ಣವಾಗುತ್ತಿದ್ದವು. ನಾನು ತಿರುಗಿ ನೋಡಿದಾಗ ಗಿರಿಜಮ್ಮ ನಿಂತಿದ್ದ ಮುದುಕಿಯರನ್ನು ಕೂಗಿ ಕೂಗಿ ಸೀಟಿಗೆ ಕೂರಿಸುತ್ತಿದ್ದಳು.

ಬ್ಯಾಡ್ಜು ಇನ್ನೂ ಅವಳ ಹತ್ತಿರವೇ ಇದೆ. ಕೇಳಿದಾಗಲೆಲ್ಲ ಸೀರೆ ಹೊಲಿಸಿದ ಮೇಲೆ ಕೊಡ್ತೀನಿ ಎನ್ನುತ್ತಾಳೆ. ಸೀರೆ ಹೊಲಿಸಿ ಆಗಿದೆ, ನಾನೇ ನೋಡಿದ್ದೇನೆ. ಅದರ ಮೇಲೆ ಬ್ಯಾಡ್ಜು ಹಾಕಿಕೊಂಡೇ ಅವಳು ಮಂಡಕ್ಕಿ ಭಟ್ಟಿಯಲ್ಲಿ ಕೂರುತ್ತಾಳೆ.